ಏಳನೇ ತರಗತಿಯಲ್ಲಿದ್ದ ಮತ ಪದವಿಯಲ್ಲಿ ಇಲ್ಲ

ಶಾಲೆ ಶುರುವಾಗಿ ತಿಂಗಳಾಗುವಷ್ಟರಲ್ಲಿ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ಮೇಷ್ಟರ ಮೊಬೈಲೇ ಮತಯಂತ್ರ. ಪೆನ್ಸಿಲ್, ಚೆಂಡು, ಕೊಡೆ ಎಂದು ಚಿಹ್ನೆಗಳಿರುತ್ತವೆ. ಗುಂಡಿ ಒತ್ತಿದರೆ ಬೀಪ್ ಎನ್ನುತ್ತದೆ. ಬಾಗಿಲ ಬಳಿ ನಿಂತ ಆರನೇ ತರಗತಿಯ ಹುಡುಗನೊಬ್ಬ ಮತಗಟ್ಟೆ ಅಧಿಕಾರಿಯ ಗತ್ತಿನಲ್ಲಿ ಎಲ್ಲರ ಬೆರಳಿಗೂ ಸ್ಕೆಚ್ ಪೆನ್ನಿನಿಂದ ಗೀಟು ಎಳೆಯುತ್ತಾನೆ. ಗೆದ್ದವರಿಗೆ ಖಾತೆ ಹಂಚಿಕೆಯಾಗುತ್ತದೆ: ಆಹಾರ ಮಂತ್ರಿ, ನೀರಾವರಿ ಮಂತ್ರಿ, ಸ್ವಚ್ಛತಾ ಮಂತ್ರಿ. ನಾನು ನೋಡಿದ ವರ್ಷ ಆಹಾರ ಮಂತ್ರಿಯಾದ ಹುಡುಗಿ ಪ್ರಮಾಣವಚನದ ಮರುದಿನವೇ ಬಿಸಿಯೂಟದ ಕೋಣೆಗೆ ಹೋಗಿ ಬೇಯಿಸಿದ ಮೊಟ್ಟೆಗಳನ್ನು ಎಣಿಸಿದಳು. ಅಡುಗೆಯವರಿಗೆ ಸಿಟ್ಟು ಬಂತು, ಮೇಷ್ಟರಿಗೆ ನಗು ಬಂತು. ಲೆಕ್ಕ ಸರಿಯಾಗಿಯೇ ಇತ್ತು.

ಈ ಹುಡುಗಿ ಇನ್ನು ಕೆಲವು ವರ್ಷಗಳಲ್ಲಿ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರುತ್ತಾಳೆ. ಹದಿನೆಂಟು ತುಂಬಿದ ಕೂಡಲೇ ಶಾಸಕರನ್ನೂ ಸಂಸದರನ್ನೂ ಆರಿಸುವ ಹಕ್ಕು ಬರುತ್ತದೆ. ಅಂತಿಮ ವರ್ಷದ ಹೊತ್ತಿಗೆ ಇಪ್ಪತ್ತೊಂದು ತುಂಬಿದ್ದರೆ ಗ್ರಾಮ ಪಂಚಾಯಿತಿಗೆ ನಾಮಪತ್ರ ಸಲ್ಲಿಸಬಹುದು. ಗೆದ್ದು ಅಧ್ಯಕ್ಷೆಯೂ ಆಗಬಹುದು. ಆದರೆ ದಿನವೂ ಆರು ಗಂಟೆ ಕಳೆಯುವ ಕಾಲೇಜಿನಲ್ಲಿ ಶೌಚಾಲಯಕ್ಕೆ ನೀರು ಯಾಕಿಲ್ಲ ಎಂದು ಕೇಳಲು ತನ್ನದೊಬ್ಬ ಪ್ರತಿನಿಧಿಯನ್ನು ಆರಿಸುವ ಹಕ್ಕು ಇಲ್ಲ. ಏಳನೇ ತರಗತಿಯಲ್ಲಿ ಇದ್ದದ್ದು ಪದವಿಯಲ್ಲಿ ಇಲ್ಲ.

ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತದ್ದು 1989-90ರ ಸುಮಾರಿಗೆ. ಕಾಲೇಜುಗಳಲ್ಲಿ ಹೊಡೆದಾಟ ಮಿತಿಮೀರಿತ್ತು, ಸಾವೂ ಸಂಭವಿಸಿತ್ತು. ಪೋಷಕರು ಬೇಸತ್ತಿದ್ದರು, ಪ್ರಾಂಶುಪಾಲರು ಇನ್ನೂ ಹೆಚ್ಚು ಬೇಸತ್ತಿದ್ದರು. ಆಗ ಅಡ್ಡಿ ಹೇಳಿದವರು ಕಡಿಮೆ. ವಿಚಿತ್ರವೆಂದರೆ ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿ ಜಾರಿಗೆ ಬಂದದ್ದೂ 1989ರ ಮಾರ್ಚ್‌ನಲ್ಲಿ. ಅಂದರೆ ಹದಿನೆಂಟರ ಹುಡುಗ ದೇಶ ಆಳುವವರನ್ನು ಆರಿಸುವಷ್ಟು ಬುದ್ಧಿವಂತ ಎಂದು ದೆಹಲಿ ಒಪ್ಪಿಕೊಂಡ ಹೊತ್ತಿನಲ್ಲೇ, ಅವನು ಕಾಲೇಜಿನ ಕಾರ್ಯದರ್ಶಿಯನ್ನು ಆರಿಸಲಾರ ಎಂದು ಬೆಂಗಳೂರು ತೀರ್ಮಾನಿಸಿತು. ಮೂರೂವರೆ ದಶಕ ಈ ಎರಡೂ ಒಟ್ಟಿಗೇ ನಡೆದುಕೊಂಡು ಬಂದಿವೆ.

2025ರ ನವೆಂಬರ್‌ನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ವಿದ್ಯಾರ್ಥಿ ಚುನಾವಣೆಯನ್ನು ಮತ್ತೆ ತರುವ ಬಗ್ಗೆ ಪರಿಶೀಲಿಸಲು ಸಮಿತಿ ರಚಿಸುವ ಮಾತಾಡಿದ ಮೇಲೆ ಹಳೆಯ ಚರ್ಚೆ ಮರಳಿ ಎದ್ದಿದೆ. ಪರವಾಗಿ ಮಾತಾಡುವವರ ಮೊದಲ ವಾದ ‘ನಾಯಕರು ತಯಾರಾಗುತ್ತಾರೆ’ ಎಂಬುದು. ಇದಕ್ಕೆ ಉದಾಹರಣೆಗಳು ಧಾರಾಳವಾಗಿ ಸಿಗುತ್ತವೆ. ಮಲ್ಲಿಕಾರ್ಜುನ ಖರ್ಗೆಯವರು ಕಲಬುರಗಿಯ ಸರ್ಕಾರಿ ಕಾಲೇಜಿನ ವಿದ್ಯಾರ್ಥಿ ಸಂಘದ ಪ್ರಧಾನ ಕಾರ್ಯದರ್ಶಿಯಾಗಿದ್ದವರು. ಶಿವಕುಮಾರ್ ಅವರೂ ವಿದ್ಯಾರ್ಥಿ ರಾಜಕಾರಣದಿಂದಲೇ ಮೇಲೆ ಬಂದವರು. ವಿರೋಧಿಸುವವರ ಮೊದಲ ವಾದ ‘ಕ್ಯಾಂಪಸ್ ಕೆಡುತ್ತದೆ’ ಎಂಬುದು. ಅದಕ್ಕೂ ಉದಾಹರಣೆಗಳಿಗೆ ಬರವಿಲ್ಲ. 2006ರ ಆಗಸ್ಟ್‌ನಲ್ಲಿ ಉಜ್ಜಯಿನಿಯ ಮಾಧವ ಕಾಲೇಜಿನಲ್ಲಿ ವಿದ್ಯಾರ್ಥಿ ಚುನಾವಣೆಯ ಗಲಾಟೆಯ ನಡುವೆ ಹಲ್ಲೆಗೊಳಗಾಗಿ ಪ್ರಾಧ್ಯಾಪಕ ಎಚ್.ಎಸ್. ಸಭರ್ವಾಲ್ ಸತ್ತರು. ಅದನ್ನು ಟಿವಿಯಲ್ಲಿ ನೋಡಿದ ತಲೆಮಾರಿನ ಅಧ್ಯಾಪಕರು ಇವತ್ತು ಪ್ರಾಂಶುಪಾಲರಾಗಿದ್ದಾರೆ. ಅವರ ಭಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಎರಡೂ ವಾದಗಳು ನನಗೆ ಗುರಿ ತಪ್ಪಿದವು ಎನಿಸುತ್ತವೆ. ಪಕ್ಷಗಳಿಗೆ ಎರಡನೇ ಸಾಲಿನ ನಾಯಕರನ್ನು ತಯಾರಿಸಿಕೊಡುವುದು ಕಾಲೇಜಿನ ಕೆಲಸವಲ್ಲ. ಇನ್ನು ಕ್ಯಾಂಪಸ್ ಕೆಡುವುದು ಚುನಾವಣೆಯಿಂದಲೇ ಎಂದಾದರೆ ಚುನಾವಣೆ ಇಲ್ಲದ ಈ ಮೂವತ್ತೈದು ವರ್ಷ ನಮ್ಮ ಕಾಲೇಜುಗಳು ಋಷ್ಯಾಶ್ರಮಗಳಾಗಿರಬೇಕಿತ್ತು. 2022ರ ಫೆಬ್ರವರಿಯಲ್ಲಿ ಶಾಲು, ಹಿಜಾಬು ಎಂದು ಊರಿಗೆ ಊರೇ ಕಾಲೇಜಿನ ಗೇಟಿನ ಮುಂದೆ ನಿಂತದ್ದನ್ನು ನೆನೆಯಿರಿ. ಎಬಿವಿಪಿ, ಎನ್‌ಎಸ್‌ಯುಐ, ಎಸ್‌ಎಫ್‌ಐ, ಎಐಡಿಎಸ್‌ಒ ಎಂಬ ವಿದ್ಯಾರ್ಥಿ ಸಂಘಟನೆಗಳಲ್ಲಿ ಯಾವುದೂ ಅಂಗಡಿ ಮುಚ್ಚಿ ಹೋಗಿಲ್ಲ. ಬಂದ್ ಇದ್ದರೆ ತರಗತಿ ಬಿಡಿಸಲು ಬರುವವರು ಇವರೇ. ಹೋದದ್ದು ರಾಜಕೀಯವಲ್ಲ, ಮತಪೆಟ್ಟಿಗೆ ಮಾತ್ರ. ಮತಪೆಟ್ಟಿಗೆ ಇಲ್ಲದ ರಾಜಕೀಯದಲ್ಲಿ ಯಾರ ಹಿಂದೆ ಎಷ್ಟು ಜನರಿದ್ದಾರೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಹೆಚ್ಚು ಕೂಗಿದವನೇ ಎಲ್ಲರ ಪರವಾಗಿ ಕೂಗಿದಂತೆ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಗೆದ್ದವಳಿಗೆ ಮಾಡಲು ಏನು ಕೆಲಸ ಇರುತ್ತದೆ? ಈ ಪ್ರಶ್ನೆಗೆ ಉತ್ತರ ಇಲ್ಲದ ಕಡೆ ಚುನಾವಣೆ ಏನಾಗುತ್ತದೆ ಎಂಬುದನ್ನು ನೋಡಲು ದೆಹಲಿಗೆ ಹೋಗಬೇಕು. ಅಲ್ಲಿ ಎರಡು ಸಾರ್ವಜನಿಕ ವಿಶ್ವವಿದ್ಯಾಲಯಗಳು ಕೆಲವೇ ಕಿಲೋಮೀಟರ್ ಅಂತರದಲ್ಲಿ ಎರಡು ಬೇರೆಯೇ ಬಗೆಯ ಚುನಾವಣೆ ನಡೆಸುತ್ತವೆ.

ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘಕ್ಕೆ ಮತದಾರರು ಲಕ್ಷಕ್ಕೂ ಹೆಚ್ಚು. ಒಂದು ವಿಧಾನಸಭಾ ಕ್ಷೇತ್ರದಷ್ಟು ಜನ, ಹತ್ತಾರು ಕಾಲೇಜುಗಳಲ್ಲಿ ಚದುರಿದ್ದಾರೆ. ಅಭ್ಯರ್ಥಿಯನ್ನು ಕಣ್ಣಾರೆ ಕಂಡು ಮಾತಾಡಿಸುವ ಅವಕಾಶ ಬಹುಪಾಲು ವಿದ್ಯಾರ್ಥಿಗಳಿಗೆ ಸಿಗುವುದೇ ಇಲ್ಲ. ಹಾಗಾಗಿ ಹೆಸರು ಕಣ್ಣಿಗೆ ಬೀಳುವುದೇ ಪ್ರಚಾರ. ರಸ್ತೆಯ ಮೇಲೆ ಚೀಟಿಗಳ ಹಾಸು, ಮೆಟ್ರೊ ಕಂಬದಿಂದ ಬಸ್ ನಿಲ್ದಾಣದವರೆಗೆ ಬಣ್ಣ ಎರಚಿದ ಹೆಸರುಗಳು, ಸಾಲುಗಟ್ಟಿದ ದೊಡ್ಡ ಕಾರುಗಳು. ಮತಯಂತ್ರದಲ್ಲಿ ಹೆಸರುಗಳು ಅಕ್ಷರಕ್ರಮದಲ್ಲಿ ಬರುವುದರಿಂದ ಮೊದಲ ಗುಂಡಿ ತಮ್ಮದಾಗಲಿ ಎಂದು ಅಭ್ಯರ್ಥಿಗಳು ಹೆಸರನ್ನೇ ಬದಲಿಸಿಕೊಳ್ಳುವ ಪದ್ಧತಿ ಅಲ್ಲಿದೆ. ಇಂಗ್ಲಿಷಿನ ಮೊದಲ ಅಕ್ಷರವನ್ನು ಹೆಸರಿನ ಮುಂದೆ ಒಂದಲ್ಲ, ಎರಡು ಬಾರಿ ಅಂಟಿಸಿಕೊಂಡವರೂ ಉಂಟು. ಮತದಾರ ತನ್ನನ್ನು ತಿಳಿದು ಆರಿಸುತ್ತಾನೆ ಎಂಬ ನಂಬಿಕೆ ಅಭ್ಯರ್ಥಿಗೇ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

2024ರ ಸೆಪ್ಟೆಂಬರ್ 27ರಂದು ಅಲ್ಲಿ ಮತದಾನ ನಡೆಯಿತು. ಆದರೆ ಊರಿಡೀ ಗೋಡೆ ಕೆಡಿಸಿದ್ದನ್ನು ಕಂಡು ಕೆರಳಿದ ದೆಹಲಿ ಹೈಕೋರ್ಟ್, ಅದೆಲ್ಲವನ್ನೂ ತೊಳೆದು ಸ್ವಚ್ಛ ಮಾಡುವ ತನಕ ಮತ ಎಣಿಸುವಂತಿಲ್ಲ ಎಂದಿತು. ಫಲಿತಾಂಶ ಬಂದದ್ದು ನವೆಂಬರ್ 25ಕ್ಕೆ. ಸುಮಾರು ಎರಡು ತಿಂಗಳು ಮತಯಂತ್ರಗಳು ಬೀಗದೊಳಗೆ, ಅಭ್ಯರ್ಥಿಗಳು ಬಕೆಟ್ಟು ಬ್ರಷ್ಷು ಹಿಡಿದು ಗೋಡೆಯ ಮುಂದೆ. ಮುಂದಿನ ವರ್ಷ ವಿಶ್ವವಿದ್ಯಾಲಯವು ಪ್ರತಿ ಅಭ್ಯರ್ಥಿಯಿಂದ 1 ಲಕ್ಷ ರೂಪಾಯಿಯ ಬಾಂಡ್ ಕೇಳಿತು. ಗೋಡೆ ಸ್ವಲ್ಪ ಮಟ್ಟಿಗೆ ಉಳಿಯಿತು. ಆದರೆ ಬಾಂಡ್ ಎಂಬ ಪದವನ್ನೇ ಕೇಳಿ ಹಿಂದೆ ಸರಿಯುವ ಮನೆಯ ಮಕ್ಕಳು ಎಷ್ಟು ಜನ ಎಂಬ ಲೆಕ್ಕ ಯಾವ ಗೋಡೆಯ ಮೇಲೂ ಕಾಣುವುದಿಲ್ಲ. 2025ರ ಸೆಪ್ಟೆಂಬರ್ ಚುನಾವಣೆಯಲ್ಲಿ ಮತ ಹಾಕಿದವರು ಶೇ 39ರಷ್ಟು. ಉಳಿದವರು ರಜೆ ಸಿಕ್ಕಿತೆಂದು ಮನೆಯಲ್ಲಿ ಮಲಗಿದ್ದರು ಎಂದು ಬೈಯುವುದು ಸುಲಭ. ಗೆದ್ದವರಿಂದ ತಮ್ಮ ಕಾಲೇಜಿನಲ್ಲಿ ಬದಲಾಗುವುದು ಏನೂ ಇಲ್ಲ ಎಂದು ಅವರಿಗೆ ಗೊತ್ತಿತ್ತು ಎನ್ನುವುದು ನನಗೆ ಹೆಚ್ಚು ಸರಿಯೆನಿಸುತ್ತದೆ.

ಇತ್ತ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ (ಜೆಎನ್‌ಯು) ಮತದಾರರು ಕೆಲವೇ ಸಾವಿರ. ಬಹುತೇಕ ಎಲ್ಲರೂ ಹಾಸ್ಟೆಲ್‌ನಲ್ಲಿರುವವರು. ಚುನಾವಣೆ ನಡೆಸುವುದು ಆಡಳಿತವಲ್ಲ, ವಿದ್ಯಾರ್ಥಿಗಳದೇ ಚುನಾವಣಾ ಸಮಿತಿ. ಪ್ರಚಾರ ಎಂದರೆ ರಾತ್ರಿ ಊಟದ ಹೊತ್ತಿಗೆ ಮೆಸ್‌ಗೆ ಹೋಗಿ ತಟ್ಟೆಗಳ ಸದ್ದಿನ ನಡುವೆ ಮಾತಾಡುವುದು, ಕೈಯಲ್ಲಿ ಬರೆದ ಪೋಸ್ಟರ್ ಅಂಟಿಸುವುದು. ಮತದಾನಕ್ಕೆ ಮೊದಲು ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳೆಲ್ಲ ಒಂದೇ ವೇದಿಕೆಗೆ ಬರುತ್ತಾರೆ. ಭಾಷಣ ಮುಗಿದ ಮೇಲೆ ಪರಸ್ಪರ ಪ್ರಶ್ನೆ, ಆಮೇಲೆ ಸಭಿಕರ ಪ್ರಶ್ನೆ. ತಮಟೆ, ಘೋಷಣೆ, ಅಣಕ ಎಲ್ಲವೂ ಇರುತ್ತವೆ. ನಡುರಾತ್ರಿ ದಾಟಿದರೂ ಯಾರೂ ಏಳುವುದಿಲ್ಲ. ಅಲ್ಲಿ ತಡವರಿಸಿದವರು ಮರುದಿನದ ಚಹಾದ ಅಂಗಡಿಯಲ್ಲಿ ಸೋತಿರುತ್ತಾರೆ. ಎಣಿಕೆ ಕಾಗದದ ಮತಪತ್ರಗಳದ್ದು, ಅದೂ ದಿನಗಟ್ಟಲೆ.

ಜೆಎನ್‌ಯು ಸ್ವರ್ಗವಲ್ಲ. ವಿದ್ಯಾರ್ಥಿ ಚುನಾವಣೆಗೆಂದು ಲಿಂಗ್ಡೊ ಸಮಿತಿ ಮಾಡಿದ ನಿಯಮ ಪಾಲಿಸುತ್ತಿಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ತಡೆದ ಚುನಾವಣೆ ಮತ್ತೆ ನಡೆದದ್ದು 2012ಕ್ಕೆ. 2019ರ ನಂತರ 2024ರ ಮಾರ್ಚ್‌ವರೆಗೆ ಮತ್ತೊಂದು ಖಾಲಿ. 2025ರ ಏಪ್ರಿಲ್‌ನಲ್ಲಿ ಚುನಾವಣಾ ಸಮಿತಿಯ ಕಚೇರಿಯಲ್ಲೇ ದಾಂಧಲೆಯಾಗಿ ಪ್ರಕ್ರಿಯೆ ಕೆಲವು ದಿನ ನಿಂತುಹೋಗಿತ್ತು. ಆದರೂ 2024ರಲ್ಲಿ ಅಲ್ಲಿ ಮತ ಹಾಕಿದವರು ಶೇ 73. ಆ ವರ್ಷ ಸುಮಾರು ಮೂರು ದಶಕಗಳ ನಂತರ ದಲಿತ ವಿದ್ಯಾರ್ಥಿಯೊಬ್ಬ ಅಧ್ಯಕ್ಷನಾದ. ಅಷ್ಟು ಜನ ಮತ ಹಾಕಲು ಎಡಪಂಥದ ಪ್ರೀತಿಯೋ ಬಲಪಂಥದ ಸಿಟ್ಟೋ ಕಾರಣವೆಂದು ಹಲವರು ಹೇಳುತ್ತಾರೆ. ನಾನು ಹೇಳುವ ಕಾರಣ ನೀರಸವಾದದ್ದು: ಅಲ್ಲಿನ ಸಂಘಕ್ಕೆ ಬಹುಕಾಲ ನಿಜವಾದ ಕೆಲಸ ಇತ್ತು. ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಸಮಿತಿಯಲ್ಲಿ 1999ರಿಂದಲೂ ಚುನಾಯಿತ ವಿದ್ಯಾರ್ಥಿಗಳು ಕೂರುತ್ತಿದ್ದರು. 2017ರಲ್ಲಿ ಆಡಳಿತ ಆ ಸಮಿತಿಯನ್ನೇ ತೆಗೆದು ಬೇರೆಯದನ್ನು ತಂದಾಗ ಎದ್ದ ಕೂಗು ಎಷ್ಟು ದೊಡ್ಡದು ಎಂದರೆ, ಕಳೆದುಕೊಂಡದ್ದು ಏನೆಂದು ವಿದ್ಯಾರ್ಥಿಗಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಲಿಂಗ್ಡೊ ಸಮಿತಿಯ ಮಾತು ಬಂತು. ಕರ್ನಾಟಕದಲ್ಲಿ ಚುನಾವಣೆ ಮರಳಿದರೆ ಎಲ್ಲರೂ ಮೊದಲು ತೆರೆಯುವ ಪುಸ್ತಕ ಅದೇ ಆಗಿರುತ್ತದೆ, ಹಾಗಾಗಿ ಸ್ವಲ್ಪ ನಿಂತು ನೋಡಬೇಕು. ಕೇರಳ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಕಾಲೇಜು ಪ್ರಾಂಶುಪಾಲರ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಸೂಚನೆಯಂತೆ ಈ ಸಮಿತಿ ರಚನೆಯಾಯಿತು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೊ ಅಧ್ಯಕ್ಷರು. 2006ರ ಮೇ ತಿಂಗಳಲ್ಲಿ ವರದಿ ಬಂತು, ಸೆಪ್ಟೆಂಬರ್ 22ರಂದು ಅದನ್ನು ಜಾರಿ ಮಾಡಿ ಎಂದು ಕೋರ್ಟ್ ಹೇಳಿತು.

ಅದರ ಪ್ರಕಾರ ಸ್ಪರ್ಧಿಸುವವರಿಗೆ ಶೇ 75 ಹಾಜರಾತಿ ಬೇಕು. ಆ ವರ್ಷ ಯಾವ ವಿಷಯವೂ ಬಾಕಿ ಇರಬಾರದು. ಪದವಿ ವಿದ್ಯಾರ್ಥಿಯ ವಯಸ್ಸು 17ರಿಂದ 22ರ ಒಳಗಿರಬೇಕು, ಸಂಶೋಧಕರಿಗೆ ಗರಿಷ್ಠ 28. ಪದಾಧಿಕಾರಿ ಸ್ಥಾನಕ್ಕೆ ಜೀವಮಾನದಲ್ಲಿ ಒಂದೇ ಅವಕಾಶ. ಖರ್ಚಿನ ಮಿತಿ 5,000 ರೂಪಾಯಿ. ಮುದ್ರಿತ ಪೋಸ್ಟರ್ ಕೂಡದು; ಧ್ವನಿವರ್ಧಕ, ವಾಹನ, ಪ್ರಾಣಿಗಳ ಬಳಕೆ ಕೂಡದು. (ಪ್ರಾಣಿಗಳನ್ನೂ ಸೇರಿಸಬೇಕಾಯಿತು ಎಂದರೆ ಸಮಿತಿಯವರು ಏನೇನು ಕೇಳಿರಬೇಕು!) ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲವೂ ಹತ್ತು ದಿನದೊಳಗೆ ಮುಗಿಯಬೇಕು. ಪಕ್ಷದ ಹಣ ಮುಟ್ಟುವಂತಿಲ್ಲ.

ಒಳ್ಳೆಯ ಉದ್ದೇಶ, ಅನುಮಾನವಿಲ್ಲ. ಕಾಯಂ ವಿದ್ಯಾರ್ಥಿಗಳೆಂಬ ತಳಿಯನ್ನು ಕ್ಯಾಂಪಸ್ಸಿನಿಂದ ಹೊರಹಾಕಿದ್ದು ಈ ವಯಸ್ಸಿನ ಮಿತಿಯೇ. ಆದರೆ ನಮ್ಮ ತಾಲ್ಲೂಕಿನ ಆ ಹುಡುಗಿ ಇದನ್ನು ಹಿಡಿದುಕೊಂಡು ಕಾಲೇಜಿನ ಕಚೇರಿಗೆ ಹೋದಳು ಎಂದುಕೊಳ್ಳಿ. ಹಾಜರಾತಿ ಎಷ್ಟು ಎಂದು ಹೇಳಬೇಕಾದವರು ಅತಿಥಿ ಉಪನ್ಯಾಸಕರು. ಅವರ ನೇಮಕಾತಿಯೇ ತಡವಾಗಿ ಆದದ್ದರಿಂದ ಮೊದಲ ತಿಂಗಳ ಪುಸ್ತಕ ಖಾಲಿ. ಬಾಕಿ ವಿಷಯ ಇಲ್ಲವೆಂದು ತೋರಿಸೋಣವೆಂದರೆ ಹಿಂದಿನ ಸೆಮಿಸ್ಟರಿನ ಫಲಿತಾಂಶ ಇನ್ನೂ ಬಂದಿಲ್ಲ, ಅಥವಾ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ, ಅಂಕಗಳ ಯುಯುಸಿಎಂಎಸ್ ಜಾಲತಾಣದಲ್ಲಿ ಆಂತರಿಕ ಅಂಕದ ಜಾಗದಲ್ಲಿ ಸೊನ್ನೆ ಕೂತಿದೆ. ಇನ್ನೊಂದು ಷರತ್ತೂ ಇದೆ: ವಿಶ್ವವಿದ್ಯಾಲಯದ ಶಿಸ್ತುಕ್ರಮಕ್ಕೆ ಒಳಗಾದವರು ಸ್ಪರ್ಧಿಸುವಂತಿಲ್ಲ. ಕಳೆದ ವರ್ಷ ನೀರಿಗಾಗಿ ಗೇಟಿನ ಮುಂದೆ ಕೂತವಳಿಗೆ ಸಿಕ್ಕ ನೋಟಿಸು ಈ ವರ್ಷ ಅವಳ ನಾಮಪತ್ರವನ್ನು ತಿರಸ್ಕರಿಸಲು ಸಾಕು. ಯಾರು ನಿಲ್ಲಬಹುದು ಎಂದು ತೀರ್ಮಾನಿಸುವ ಪೆನ್ನು, ಯಾರ ವಿರುದ್ಧ ಅವಳು ದೂರು ಹೇಳಬೇಕೋ ಅವರ ಜೇಬಿನಲ್ಲೇ ಇರುತ್ತದೆ.

ಇದು ಬರಿಯ ಊಹೆಯಲ್ಲ. 2023ರಲ್ಲಿ ತಿರುವನಂತಪುರ ಜಿಲ್ಲೆಯ ಕಾಟ್ಟಾಕ್ಕಡ ಎಂಬಲ್ಲಿನ ಕಾಲೇಜಿನಿಂದ ವಿಶ್ವವಿದ್ಯಾಲಯದ ಸಂಘಕ್ಕೆ ಆಯ್ಕೆಯಾದವರ ಹೆಸರು ಕಳುಹಿಸುವಾಗ, ಗೆದ್ದ ವಿದ್ಯಾರ್ಥಿನಿಯ ಜಾಗದಲ್ಲಿ ಚುನಾವಣೆಗೇ ನಿಲ್ಲದ ಒಬ್ಬನ ಹೆಸರು ಹೋಗಿತ್ತು. ಬಯಲಾದ ಮೇಲೆ ಪೊಲೀಸ್ ಪ್ರಕರಣವೂ ಆಯಿತು. ಮತಪೆಟ್ಟಿಗೆಗೆ ಯಾರೂ ಕೈ ಹಾಕಿರಲಿಲ್ಲ, ಬೂತಿನಲ್ಲಿ ಯಾರೂ ಯಾರಿಗೂ ಹೊಡೆದಿರಲಿಲ್ಲ. ಲಕೋಟೆಯೊಳಗಿನ ಒಂದು ಹೆಸರು ಬದಲಾಗಿತ್ತು, ಅಷ್ಟೇ.

ಕರ್ನಾಟಕದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು 400ಕ್ಕೂ ಹೆಚ್ಚು. ಅವುಗಳಲ್ಲಿ ಪಾಠದ ಹೊರೆಯ ಬಹುಪಾಲನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ತಿಳಿಯದವರು ಚುನಾವಣಾಧಿಕಾರಿಯಾಗಿ ಕೂತು ಶಾಸಕರ ಕಡೆಯ ಹುಡುಗನ ನಾಮಪತ್ರ ತಿರಸ್ಕರಿಸುತ್ತಾರೆ ಎಂದು ನಿರೀಕ್ಷಿಸುವುದು ಅವರಿಗೇ ಅನ್ಯಾಯ. ಕಾಲೇಜು ಅಭಿವೃದ್ಧಿ ಸಮಿತಿಯ ಅಧ್ಯಕ್ಷರು ಸಾಮಾನ್ಯವಾಗಿ ಸ್ಥಳೀಯ ಶಾಸಕರೇ. ಚುನಾವಣೆಯನ್ನು ನಡೆಸುವವರು ಕಾಲೇಜಿನ ಹೊರಗಿನವರಾಗಿರಬೇಕು, ಇಲ್ಲವೇ ಜೆಎನ್‌ಯು ಮಾದರಿಯಲ್ಲಿ ವಿದ್ಯಾರ್ಥಿಗಳೇ ಆಗಿರಬೇಕು. ಎರಡರಲ್ಲಿ ನನ್ನ ಒಲವು ಎರಡನೆಯದಕ್ಕೆ, ಆದರೆ ಅದಕ್ಕೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ವರ್ಷಗಳು ಬೇಕು.

ಪಕ್ಷರಹಿತ ಚುನಾವಣೆ ಎಂಬ ಮಾತನ್ನಂತೂ ಕರ್ನಾಟಕದವರಿಗೆ ವಿವರಿಸಬೇಕಿಲ್ಲ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯೂ ಕಾನೂನಿನ ಪ್ರಕಾರ ಪಕ್ಷರಹಿತ. ಚಿಹ್ನೆ ಆಟೊ, ಅಲಮಾರು, ಪ್ರೆಷರ್ ಕುಕ್ಕರ್. ಫಲಿತಾಂಶದ ಸಂಜೆ ಯಾರ ಬೆಂಬಲಿಗರು ಎಷ್ಟು ಎಂದು ಎಲ್ಲ ಪಕ್ಷಗಳೂ ಲೆಕ್ಕ ಕೊಡುತ್ತವೆ, ಕೂಡಿಸಿದರೆ ಒಟ್ಟು ಸ್ಥಾನಗಳಿಗಿಂತ ಹೆಚ್ಚಾಗಿರುತ್ತದೆ. ಕಾಲೇಜಿನಲ್ಲೂ ಹೀಗೇ ಆಗುತ್ತದೆ. ಪಕ್ಷ ಬರಬಾರದೆಂದು ಬಾಗಿಲು ಹಾಕುವುದಕ್ಕಿಂತ, ಬಂದವರು ಹೆಸರು ಹೇಳಿಕೊಂಡು ಬರಲಿ ಎನ್ನುವುದು ವಾಸಿ.

ಪರೋಕ್ಷ ಚುನಾವಣೆಯ ಸಲಹೆಯೂ ಕೇಳಿಬರುತ್ತಿದೆ. ತರಗತಿ ಪ್ರತಿನಿಧಿಗಳನ್ನು ಮೊದಲು ಆರಿಸಿ, ಅವರು ಅಧ್ಯಕ್ಷರನ್ನು ಆರಿಸುವ ಪದ್ಧತಿ. ದೊಡ್ಡ, ಚದುರಿದ ವಿಶ್ವವಿದ್ಯಾಲಯಗಳಿಗೆ ಲಿಂಗ್ಡೊ ಸಮಿತಿಯೂ ಇಂಥದ್ದಕ್ಕೆ ಅವಕಾಶ ಕೊಟ್ಟಿದೆ. ದೆಹಲಿಯ ಲಕ್ಷ ಮತದಾರರ ಜಾತ್ರೆ ನೋಡಿದವರಿಗೆ ಇದು ಹಿತವೆನಿಸುವುದು ಸಹಜ, ಕರಾವಳಿಯ ಕೆಲವು ಕಾಲೇಜುಗಳು ಇವತ್ತಿಗೂ ತರಗತಿ ಮಟ್ಟದಿಂದ ತಮ್ಮ ಸಂಘ ಕಟ್ಟಿಕೊಳ್ಳುವುದೂ ನಿಜ. ಆದರೆ ನಲವತ್ತು ಮತಗಳಿಂದ ತೀರ್ಮಾನವಾಗುವ ಅಧ್ಯಕ್ಷಗಿರಿಗೆ ಏನಾಗುತ್ತದೆ ಎಂಬುದನ್ನು ರೆಸಾರ್ಟ್ ರಾಜಕಾರಣಕ್ಕೆ ಹೆಸರಾದ ರಾಜ್ಯಕ್ಕೆ ಬೇರೆಯವರು ಹೇಳಿಕೊಡಬೇಕಿಲ್ಲ. ಇಪ್ಪತ್ತೊಂದು ಹುಡುಗರನ್ನು ಒಂದು ಮಿನಿಬಸ್‌ನಲ್ಲಿ ಎರಡು ದಿನ ಚಿಕ್ಕಮಗಳೂರಿಗೆ ಕರೆದೊಯ್ದರೆ ಕೆಲಸ ಮುಗಿಯಿತು. ಕಾಲೇಜು ಮಟ್ಟದಲ್ಲಿ ನೇರ ಚುನಾವಣೆ ಇರಲಿ. ವಿಶ್ವವಿದ್ಯಾಲಯ ಮಟ್ಟದ ಸಂಘದ ಆಸೆಯನ್ನು ಸದ್ಯಕ್ಕೆ ಬಿಡುವುದೇ ಕ್ಷೇಮ. 2023ರಲ್ಲಿ ಹಲವು ಜಿಲ್ಲೆಗಳಲ್ಲಿ ಹೊಸ ವಿಶ್ವವಿದ್ಯಾಲಯ ಕಟ್ಟಿ, 2025ರಲ್ಲಿ ಅವುಗಳಲ್ಲಿ ಹಲವನ್ನು ಮುಚ್ಚುವ ಶಿಫಾರಸು ಮಾಡಿದ ರಾಜ್ಯವಿದು. ಯಾವ ವಿಶ್ವವಿದ್ಯಾಲಯದ ಅಧ್ಯಕ್ಷನಾಗಿ ಗೆದ್ದೆ ಎಂಬುದು ಗೆದ್ದವನಿಗೇ ತಿಳಿಯದೆ ಹೋಗಬಹುದು.

ಚುನಾವಣೆ ನಿಂತರೂ ಸಂಘ ನಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮ ಬಂಗಾಳ ಕನ್ನಡಿ. ಅಲ್ಲಿನ ಬಹುತೇಕ ಕಾಲೇಜುಗಳಲ್ಲಿ 2017ರಿಂದ ಈಚೆಗೆ ಚುನಾವಣೆ ಇಲ್ಲ. ಆದರೆ ಸಂಘದ ಕೋಣೆಗಳು ತೆರೆದೇ ಇದ್ದವು, ಒಳಗೆ ಕೂತವರು ಆರಿಸಿ ಬಂದವರಲ್ಲ, ಕೆಲವರು ವಿದ್ಯಾರ್ಥಿಗಳೂ ಅಲ್ಲ. 2025ರಲ್ಲಿ ಕೋಲ್ಕತ್ತದ ಕಾನೂನು ಕಾಲೇಜೊಂದರ ಆವರಣದಲ್ಲಿ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರ ನಡೆದ ಮೇಲೆ, ಚುನಾವಣೆ ನಡೆಯದ ಕಾಲೇಜುಗಳ ಸಂಘದ ಕೋಣೆಗಳಿಗೆ ಬೀಗ ಹಾಕಿ ಎಂದು ಕಲ್ಕತ್ತ ಹೈಕೋರ್ಟ್ ಆದೇಶಿಸಿತು. ರಾಜಸ್ಥಾನದಲ್ಲಿ ಕಾಂಗ್ರೆಸ್ ಸರ್ಕಾರ 2023ರಲ್ಲಿ ಚುನಾವಣೆ ನಿಲ್ಲಿಸಿತು, ನಂತರ ಬಂದ ಬಿಜೆಪಿ ಸರ್ಕಾರ ಮತ್ತೆ ಶುರು ಮಾಡುವ ಅವಸರ ತೋರಲಿಲ್ಲ. ಅಲಹಾಬಾದ್ ವಿಶ್ವವಿದ್ಯಾಲಯ 1923ರ ತನ್ನ ಸಂಘವನ್ನು 2019ರಲ್ಲಿ ಕೊನೆಗೊಳಿಸಿತು. ವಿರೋಧ ಪಕ್ಷದಲ್ಲಿದ್ದಾಗ ವಿದ್ಯಾರ್ಥಿ ಚುನಾವಣೆ ಸಿಹಿ, ಆಳುವಾಗ ಕಹಿ. ಈ ವಿಷಯದಲ್ಲಿ ನಮ್ಮ ಪಕ್ಷಗಳ ನಡುವೆ ಅಪರೂಪದ ಒಮ್ಮತವಿದೆ.

ಇಷ್ಟೆಲ್ಲ ಹೇಳುವಾಗ ಬೆಂಗಳೂರಿನ ಒಂದು ಸಂಗತಿ ಬಿಟ್ಟುಹೋಗಬಾರದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಚುನಾಯಿತ ವಿದ್ಯಾರ್ಥಿ ಪರಿಷತ್ತು ಇದೆ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ವಿದ್ಯಾರ್ಥಿಗಳ ಸಂಘಕ್ಕೆ ಚುನಾವಣೆ ನಡೆಯುತ್ತದೆ. ಅದು ಕರ್ನಾಟಕದ್ದೇ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ. ಅಲ್ಲಿಯ ಹುಡುಗರು ಮೆಸ್ ಗುತ್ತಿಗೆಯಿಂದ ಗ್ರಂಥಾಲಯದ ಸಮಯದವರೆಗೆ ವಾದ ಮಾಡುತ್ತಾರೆ, ಆಕಾಶ ಕಳಚಿ ಬಿದ್ದಿಲ್ಲ. ನಿಷೇಧದ ಭಾರ ಬಿದ್ದಿರುವುದು ಬಿ.ಎ., ಬಿ.ಕಾಂ. ಓದುವ ಸರ್ಕಾರಿ ಕಾಲೇಜಿನ ಮಕ್ಕಳ ಮೇಲೆ. ಅವರ ಮನೆಯಲ್ಲಿ ಅಧಿಕಾರಿಗೆ ಫೋನು ಮಾಡಬಲ್ಲ ಚಿಕ್ಕಪ್ಪ ಇರುವುದಿಲ್ಲ. ಪ್ರತಿನಿಧಿ ಎಂಬುದು ಹೆಚ್ಚು ಬೇಕಾದದ್ದು ಅವರಿಗೇ. ‘ಆ ಮಕ್ಕಳು ಪ್ರಬುದ್ಧರು, ಈ ಮಕ್ಕಳು ಹೊಡೆದಾಡುತ್ತಾರೆ’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಿಯಮ ಹೇಳುತ್ತದೆ.

ಹಾಗಿದ್ದರೆ ಈ ಮಕ್ಕಳ ಪ್ರತಿನಿಧಿಗೆ ಮಾಡಲು ಏನಿದೆ? ಇಲ್ಲೊಂದು ತೊಡಕು ಇದೆ, ದೆಹಲಿಯಿಂದ ನೋಡಿದರೆ ಕಾಣದ್ದು. ನಮ್ಮ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಯ ಕಷ್ಟಗಳು ಕಾಲೇಜಿನ ಕಾಂಪೌಂಡಿನೊಳಗೆ ಇಲ್ಲ. ಅವಳು ಉಳಿದುಕೊಳ್ಳುವ ಹಾಸ್ಟೆಲ್ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯದೋ ಸಮಾಜ ಕಲ್ಯಾಣ ಇಲಾಖೆಯದೋ ಆಗಿರುತ್ತದೆ. ವಿದ್ಯಾರ್ಥಿವೇತನ ಎಸ್‌ಎಸ್‌ಪಿ ಜಾಲತಾಣದಲ್ಲಿ ಆಧಾರ್ ಜೋಡಣೆಗಾಗಿ ಕಾಯುತ್ತಿರುತ್ತದೆ. ಅಂಕಪಟ್ಟಿ ವಿಶ್ವವಿದ್ಯಾಲಯದಲ್ಲಿರುತ್ತದೆ. ಬಸ್ಸು ಸಾರಿಗೆ ನಿಗಮದ್ದು. ಪ್ರಾಂಶುಪಾಲರ ಕೈಯಲ್ಲಿರುವುದು ಗಂಟೆ ಹೊಡೆಯುವುದು ಮತ್ತು ವಾರ್ಷಿಕೋತ್ಸವದ ಅತಿಥಿಯನ್ನು ಕರೆಯುವುದು. ಇಂಥ ಕಡೆ ಸಂಘಕ್ಕೆ ಬರಿಯ ಒಂದು ಕೋಣೆ, ಒಂದು ಫಲಕ ಕೊಟ್ಟರೆ ಅಧ್ಯಕ್ಷ ಮಾಡುವುದು ಎರಡೇ ಕೆಲಸ: ವಾರ್ಷಿಕೋತ್ಸವದಲ್ಲಿ ಕುರ್ಚಿ ಹಿಡಿಯುವುದು, ನಂತರ ಪಕ್ಷದ ಕಚೇರಿಯಲ್ಲಿ ಕುರ್ಚಿ ಹುಡುಕುವುದು.

ಕಾನೂನು ಮಾಡುವವರು ಮೊದಲು ಬರೆಯಬೇಕಾದದ್ದು ಚುನಾವಣೆಯ ವಿಧಾನವನ್ನಲ್ಲ, ಗೆದ್ದವರ ಅಧಿಕಾರವನ್ನು. ತಾಲ್ಲೂಕಿನ ಇಲಾಖಾ ಹಾಸ್ಟೆಲ್‌ಗಳ ಆಹಾರ ಪರಿಶೀಲನೆಯಲ್ಲಿ ಒಂದು ಸಹಿ. ಕಾಲೇಜು ಅಭಿವೃದ್ಧಿ ಸಮಿತಿಯಲ್ಲಿ ಮತ ಹಾಕುವ ಹಕ್ಕಿರುವ ಇಬ್ಬರು ಚುನಾಯಿತರು, ಅವರಲ್ಲಿ ಒಬ್ಬಳು ಕಡ್ಡಾಯವಾಗಿ ಮಹಿಳೆ. ಮಹಿಳೆಯರಿಗೆ ಅರ್ಧ ಸ್ಥಾನ ಮೀಸಲಿಟ್ಟ ಪಂಚಾಯಿತಿ ವ್ಯವಸ್ಥೆ ನಮ್ಮಲ್ಲೇ ಇರುವಾಗ ಇದಕ್ಕೆ ಮಾದರಿ ಹುಡುಕಬೇಕಿಲ್ಲ. ವಿದ್ಯಾರ್ಥಿ ಸಂಘದ ಹೆಸರಿನಲ್ಲಿ ವಸೂಲಾಗುವ ಶುಲ್ಕದ ಲೆಕ್ಕ ಕೇಳುವ ಹಕ್ಕು. ನನ್ನ ಪದವಿಯ ದಿನಗಳ ಶುಲ್ಕದ ರಸೀದಿಯೊಂದು ಹಳೆಯ ಅಂಕಪಟ್ಟಿಗಳ ನಡುವೆ ಇನ್ನೂ ಇದೆ. ಕ್ರೀಡೆ, ವಾಚನಾಲಯ, ವೈದ್ಯಕೀಯ ತಪಾಸಣೆ, ನಿಯತಕಾಲಿಕೆ, ಅವುಗಳ ಕೆಳಗೆ ‘ವಿದ್ಯಾರ್ಥಿ ಸಂಘ’. ಮೂರು ವರ್ಷವೂ ಕಟ್ಟಿದೆ. ಮೂರೂ ವರ್ಷ ಸಂಘದ ಕಾರ್ಯದರ್ಶಿ ಯಾರೆಂದು ತಿಳಿದದ್ದು ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ ನೋಡಿದ ಮೇಲೆ. ಹೆಚ್ಚು ಅಂಕ ಪಡೆದವನ ಹೆಸರನ್ನು ಪ್ರಾಂಶುಪಾಲರು ಬರೆಸಿದ್ದರು. ಪಾಪ, ಅವನಿಗೂ ಆಗಲೇ ತಿಳಿದದ್ದು.

ಜಾತಿ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರುತ್ತದೆ. ಹಾಸ್ಟೆಲಿನ ಹೆಸರಿನಲ್ಲೇ ಜಾತಿ ಇರುವಾಗ ಮತಪೆಟ್ಟಿಗೆಯ ಬಳಿ ಮಾತ್ರ ಅದು ಚಪ್ಪಲಿ ಬಿಟ್ಟು ಹೊರಗೆ ನಿಲ್ಲುವುದಿಲ್ಲ. ಕರಾವಳಿಯಲ್ಲಿ ಧರ್ಮವೂ ಬರುತ್ತದೆ, ಅಲ್ಲಿ ನನಗೂ ಭಯವಿದೆ, ಅದಕ್ಕೆ ಸಿದ್ಧ ಉತ್ತರ ನನ್ನಲ್ಲಿಲ್ಲ. ಒಂದೇ ಮಾತು: ಒಂದು ಗುಂಪಿನ ಮತದಿಂದಷ್ಟೇ ಗೆಲ್ಲಲಾಗದ ಕಡೆ ಅಭ್ಯರ್ಥಿ ಇನ್ನೊಂದು ಗುಂಪಿನ ಬೆಂಚಿಗೂ ಹೋಗಿ ಕೂರಲೇಬೇಕು. ಈಗ ಆ ಅಗತ್ಯ ಯಾರಿಗೂ ಇಲ್ಲ.

ಎರಡು ವರ್ಷದ ಹಿಂದೆ ನಮ್ಮ ಕಡೆಯ ಒಂದು ಬಸ್ ಘಟಕದ ಕಚೇರಿಯಲ್ಲಿ ನಾನು ಬೇರೆ ಕೆಲಸಕ್ಕೆ ಕಾದು ಕೂತಿದ್ದೆ. ಕಾಲೇಜಿನ ಹದಿನೈದಿಪ್ಪತ್ತು ಹುಡುಗಿಯರು, ನಾಲ್ಕೈದು ಹುಡುಗರು ಬಂದರು. ಬೆಳಿಗ್ಗೆ ಎಂಟೂವರೆಯ ಬಸ್ಸು ನಿಂತು ತಿಂಗಳಾಗಿತ್ತು, ಮೊದಲ ತರಗತಿ ತಪ್ಪುತ್ತಿತ್ತು. ಟಿಪ್ಪಣಿ ಪುಸ್ತಕದ ಹಾಳೆಯಲ್ಲಿ ಚೆಂದದ ಅಕ್ಷರದ ಮನವಿ. ಗುಮಾಸ್ತರು ಓದಿದರು, ಕೆಟ್ಟವರೇನಲ್ಲ. ‘ಇಂದ’ ಎಂಬುದರ ಕೆಳಗೆ ‘ಸಮಸ್ತ ವಿದ್ಯಾರ್ಥಿಗಳು’ ಎಂದು ಬರೆದಿತ್ತು. ಸಮಸ್ತರೆಂದರೆ ಯಾರು, ಒಬ್ಬರ ಹೆಸರು, ಫೋನ್ ನಂಬರ್ ಬೇಕು, ಆವಕ ಪುಸ್ತಕದಲ್ಲಿ ಬರೆದುಕೊಳ್ಳಬೇಕು ಎಂದರು ಅವರು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಹೆಸರು ಕೊಟ್ಟರೆ ಕಾಲೇಜಿನಿಂದ ಮನೆಗೆ ಫೋನು ಹೋಗುತ್ತದೆಂಬ ಭಯ ಒಬ್ಬಳಿಗೆ, ತಾನು ಯಾಕೆ ಎಂಬ ಸಂಕೋಚ ಇನ್ನೊಬ್ಬಳಿಗೆ. ಅಷ್ಟರಲ್ಲಿ ಹೊರಗೆ ಬೈಕ್ ನಿಲ್ಲಿಸಿ ಬಂದ, ಕಾಲೇಜು ಬಿಟ್ಟು ಐದಾರು ವರ್ಷವಾದಂತೆ ಕಾಣುತ್ತಿದ್ದ ಒಬ್ಬ ಸಂಘಟನೆಯ ಯುವಕ ಹಾಳೆಯನ್ನು ಕೈಗೆ ತೆಗೆದುಕೊಂಡು ತನ್ನ ಹೆಸರು, ನಂಬರ್ ಬರೆದ. ಎಲ್ಲರನ್ನೂ ಬಸ್ಸಿನ ಮುಂದೆ ನಿಲ್ಲಿಸಿ ಫೋಟೊ ತೆಗೆಸಿದ. ಮನವಿ ಆವಕವಾಯಿತು.